ಪಿಕಪ್ಪಿನ ರೋಲ್ ಕೇಜ್: ಪೈಪು ನಿಂತ ನೆಲವನ್ನೂ ನೋಡಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ ಭಾಗದ ಯುವಕರು ಹಳೆಯ ಪಿಕಪ್ಪು, ಜೀಪುಗಳನ್ನು ಕಲ್ಲುಗುಡ್ಡ, ಹಳ್ಳಕೊಳ್ಳಗಳಲ್ಲಿ ಓಡಿಸಲು ಸಜ್ಜುಗೊಳಿಸುತ್ತಿರುವ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸಚಿತ್ರ ಬರಹವನ್ನು ಆಸಕ್ತಿಯಿಂದ ಓದಿದೆ. ಹುಡುಗರ ಉತ್ಸಾಹದ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಒಂದು ಚಿತ್ರದ ಕೆಳಗೆ, ಕ್ಯಾಬಿನ್ನಿನೊಳಗೆ ಉಕ್ಕಿನ ಪೈಪುಗಳ ಪಂಜರ, ಅಂದರೆ ರೋಲ್ ಕೇಜ್, ಹಾಕಿಸಿರುವುದರಿಂದ ಗಾಡಿ ಮಗುಚಿದರೂ ಒಳಗಿದ್ದವರಿಗೆ ಭಯವಿಲ್ಲ ಎಂಬ ಅರ್ಥದ ಮಾತಿತ್ತು. ಅದೇ ಚಿತ್ರವನ್ನು ಕನ್ನಡಕ ಹಾಕಿಕೊಂಡು ನೋಡಿದಾಗ ಕೇಜಿನ ಕಾಲುಗಳು ಕ್ಯಾಬಿನ್ನಿನ ತೆಳು ತಗಡಿನ ಮೇಲೆ ಎರಡೆರಡು ಬೋಲ್ಟಿನಲ್ಲಿ ನಿಂತಿರುವುದು ಕಾಣಿಸಿತು. ಆ ಎರಡು ಬೋಲ್ಟುಗಳ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಐ.ಟಿ.ಐ.ನಲ್ಲಿ ಮೂವತ್ತೊಂದು ವರ್ಷ ವೆಲ್ಡಿಂಗ್ ಕಲಿಸಿ ನಿವೃತ್ತನಾದವನು. ಈಗ ಮಂಡ್ಯದಲ್ಲಿ ಮನೆಯ ಹಿಂದಿನ ಶೆಡ್ಡಿನಲ್ಲಿ ಕಬ್ಬಿನ ಟ್ರೈಲರುಗಳ ರಿಪೇರಿ, ಆಲೆಮನೆಗಳ ಚಾವಣಿ ಕೆಲಸ ಮಾಡಿಕೊಂಡಿದ್ದೇನೆ. ಆಟೋಕ್ರಾಸ್ ಮತ್ತು ಆಫ್‌ರೋಡ್ ಸ್ಪರ್ಧೆಗಳಿಗೆ ಹೋಗುವವರಿಗಾಗಿ ಆರು ರೋಲ್ ಕೇಜುಗಳನ್ನೂ ಕಟ್ಟಿದ್ದೇನೆ. ಅವುಗಳಲ್ಲಿ ಮೊದಲನೆಯದನ್ನು ಇಂದು ನೋಡಿದರೆ ನನಗೇ ನಾಚಿಕೆಯಾಗುತ್ತದೆ.

ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪಿಕಪ್ಪು ಪಾಂಡವಪುರದ ಕಡೆಯ ಒಂದು ಕಲ್ಲುಗುಡ್ಡದ ಇಳಿಜಾರಿನಲ್ಲಿ ಮಗುಚಿತು. ವೇಗವೇನೂ ಇರಲಿಲ್ಲ. ಒಂದು ಚಕ್ರ ಬಂಡೆ ಏರಿತು, ಗಾಡಿ ನಿಧಾನಕ್ಕೆ ವಾಲಿ, ಒಂದೂವರೆ ಸುತ್ತು ಉರುಳಿ ನಿಂತಿತು. ಆತನ ಹೆಗಲ ಮೂಳೆ ಮುರಿಯಿತು. ಬೇರೊಂದು ಊರಿನ ವರ್ಕ್‌ಶಾಪಿನಲ್ಲಿ ಕೇಜ್ ಕಟ್ಟಿಸಿದ್ದ ಆತ, ಕೈಗೆ ಜೋಳಿಗೆ ಕಟ್ಟಿಕೊಂಡೇ ಗಾಡಿಯನ್ನು ನನ್ನ ಶೆಡ್ಡಿಗೆ ಎಳೆಸಿಕೊಂಡು ಬಂದು, "ಮೇಷ್ಟ್ರೇ, ಪೈಪು ಒಂದೂ ಬಗ್ಗಿಲ್ಲ ನೋಡಿ, ಆದರೂ ಟಾಪು ತಲೆ ಮೇಲೆ ಕೂತುಬಿಡ್ತು" ಎಂದ. ನಾನು ಮಂಡಿಯೂರಿ ಚಾಲಕನ ಸೀಟಿನ ಹಿಂದೆ ಟಾರ್ಚ್ ಬಿಟ್ಟೆ. ಎಡಗಡೆಯ ಕಾಲು ನೆಲದ ತಗಡನ್ನು ತೂರಿಕೊಂಡು ಒಂದು ಗೇಣಿಗೆ ಸ್ವಲ್ಪ ಕಡಿಮೆ ಕೆಳಗಿಳಿದಿತ್ತು. ಹರಿದ ತಗಡಿನ ಅಂಚು ಉಳಿಯಲ್ಲಿ ಒಡೆದ ಎಣ್ಣೆ ಡಬ್ಬದ ಬಾಯಿಯಂತೆ ಒಳಮುಖವಾಗಿ ಸುರುಳಿಗಟ್ಟಿತ್ತು; ಬಣ್ಣದ ಕೆಳಗೆ ತುಕ್ಕು ಹಿಡಿದು ಎಷ್ಟೋ ಕಾಲವಾಗಿತ್ತು. ಬೋಲ್ಟುಗಳು ಮುರಿದಿರಲಿಲ್ಲ. ಒಂದು ರೂಪಾಯಿ ನಾಣ್ಯದಷ್ಟಿದ್ದ ವಾಷರುಗಳನ್ನು ಹೊತ್ತುಕೊಂಡೇ ತಗಡಿನಿಂದ ಕಿತ್ತು ಬಂದಿದ್ದವು. "ಪೈಪು ಗಟ್ಟಿಯಾಗೇ ಇದೆ ಕಣಯ್ಯ, ಅದು ನಿಂತ ಜಾಗ ಗಟ್ಟಿ ಇರಲಿಲ್ಲ" ಎಂದೆ.

ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ತನ್ನ ನಿಯಮಾವಳಿಯ ಜೆ ಅನುಬಂಧದ 253ನೇ ವಿಧಿಯಲ್ಲಿ ಕೇಜಿನ ವಿವರಗಳನ್ನು ಕೊಟ್ಟಿದೆ. ಅದರ ಪ್ರಕಾರ ಕೇಜಿನ ಕಮಾನುಗಳ ಪ್ರತಿ ಕಾಲಿನ ಅಡಿಯಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, ಕನಿಷ್ಠ 120 ಚದರ ಸೆಂ.ಮೀ. ವಿಸ್ತೀರ್ಣದ ಉಕ್ಕಿನ ಪ್ಲೇಟನ್ನು ಬಾಡಿಗೆ ಬೆಸೆಯಬೇಕು. ಕಾಲನ್ನು ಅದಕ್ಕೆ ಕೂಡಿಸಲು 8 ಮಿ.ಮೀ.ಗಿಂತ ಕಡಿಮೆಯಿಲ್ಲದ, 8.8 ದರ್ಜೆಯ ಮೂರಾದರೂ ಬೋಲ್ಟುಗಳಿರಬೇಕು. 120 ಚದರ ಸೆಂ.ಮೀ. ಎಂದರೆ ಹನ್ನೆರಡು ಸೆಂ.ಮೀ. ಉದ್ದ, ಹತ್ತು ಸೆಂ.ಮೀ. ಅಗಲದ ಪ್ಲೇಟು. ನನ್ನ ಶಿಷ್ಯನ ಗಾಡಿಯಲ್ಲಿ ಆ ಕೆಲಸಕ್ಕೆ ನಿಂತಿದ್ದ ವಾಷರಿನ ವಿಸ್ತೀರ್ಣ ಐದು ಚದರ ಸೆಂ.ಮೀ. ಕೂಡ ಇರಲಿಲ್ಲ. ಒಂದೂಮುಕ್ಕಾಲು ಟನ್ ತೂಗುವ ಗಾಡಿ ತಲೆಕೆಳಗಾಗಿ ಒಂದು ಮೂಲೆಯ ಮೇಲೆ ಬಿದ್ದಾಗ ಅಷ್ಟೂ ಭಾರ ಆ ಐದು ಚದರ ಸೆಂಟಿಮೀಟರಿನ ಮೇಲೆ ಬಂದು ಕೂರುತ್ತದೆ. ಮೆತ್ತನೆಯ ಗದ್ದೆಗೆ ಗಡಾರಿ ಇಳಿದ ಹಾಗೆ ಕಾಲು ಇಳಿಯದೆ ಇನ್ನೇನಾದೀತು? ಪ್ಲೇಟನ್ನು ಸಪಾಟಾದ ನೆಲಕ್ಕೆ ಮಾತ್ರ ಅಂಟಿಸುವ ಬದಲು, ನೆಲದ ತಗಡು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿಯನ್ನು ಸೇರುವ ಮೂಲೆಯಲ್ಲಿ ಎರಡು ಮುಖಗಳಿಗೂ ಬರುವಂತೆ ಬಾಗಿಸಿ ಬೆಸೆದರೆ ಬಲ ಇನ್ನೂ ಚೆನ್ನಾಗಿ ಹಂಚಿಹೋಗುತ್ತದೆ.

ಪಿಕಪ್ಪಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದನ್ನು ತಿಳಿಯದೆ ಕಾರಿನ ಕೇಜನ್ನು ನಕಲು ಮಾಡುವವರೇ ಹೆಚ್ಚು. ಈ ಗಾಡಿಗಳಲ್ಲಿ ಏಣಿಯಂಥ ಚಾಸಿಸ್ ಕೆಳಗಿರುತ್ತದೆ. ಅದರ ಮೇಲೆ ಕ್ಯಾಬಿನ್ನು ಬೇರೆ, ಸಾಮಾನು ತುಂಬುವ ಹಿಂದಿನ ಬಾಡಿ ಬೇರೆಯಾಗಿ ಕೂತಿರುತ್ತವೆ. ಕ್ಯಾಬಿನ್ನಂತೂ ರಬ್ಬರಿನ ಮೌಂಟುಗಳ ಮೇಲೆಯೇ ನಿಂತಿರುತ್ತದೆ. ಹಳ್ಳ ದಾಟುವಾಗ ಚಾಸಿಸ್ ತಿರುಚಿಕೊಂಡರೆ ಎರಡೂ ತಮ್ಮ ಪಾಡಿಗೆ ತಾವು ವಾಲುತ್ತವೆ. ಕೇಜ್ ಕಟ್ಟುವ ಮೊದಲು ನಾನು ಗಾಡಿಯ ಮುಂದಿನ ಒಂದು ಚಕ್ರವನ್ನು ಒಂದಡಿ ಎತ್ತರದ ಸೈಜುಗಲ್ಲಿನ ಮೇಲೂ, ಕರ್ಣಕ್ಕೆ ಎದುರಾದ ಹಿಂದಿನ ಚಕ್ರವನ್ನು ಇನ್ನೊಂದು ಕಲ್ಲಿನ ಮೇಲೂ ಹತ್ತಿಸಿ, ಕ್ಯಾಬಿನ್ನಿಗೂ ಹಿಂದಿನ ಬಾಡಿಗೂ ನಡುವಿನ ಸಂದನ್ನು ಅಳತೆಪಟ್ಟಿಯಿಂದ ನೋಡುತ್ತೇನೆ. ಒಂದು ಹಳೆಯ ಪಿಕಪ್ಪಿನಲ್ಲಿ ಸಮನೆಲದ ಮೇಲೆ 38 ಮಿ.ಮೀ. ಇದ್ದ ಸಂದು ಒಂದು ಬದಿಯ ಮೇಲ್ತುದಿಯಲ್ಲಿ 51 ಮಿ.ಮೀ. ಆಯಿತು. ಇಂಥ ಗಾಡಿಯಲ್ಲಿ ಸೀಟಿನ ಹಿಂದೆ ನಿಲ್ಲುವ ಮುಖ್ಯ ಕಮಾನನ್ನು ಕ್ಯಾಬಿನ್ನಿನ ನೆಲಕ್ಕೂ, ಅದಕ್ಕೆ ಆಸರೆಯಾದ ಹಿಂದಿನ ಪೈಪುಗಳನ್ನು ಲೋಡ್ ಬಾಡಿಯ ತಗಡಿಗೂ ಬಿಗಿದರೆ, ಮಗುಚುವ ಮಾತು ಹಾಗಿರಲಿ, ನಾಲ್ಕು ಭಾನುವಾರ ಹಳ್ಳ ಹತ್ತಿಳಿಯುವಷ್ಟರಲ್ಲಿ ಯಾವುದಾದರೂ ಬೆಸುಗೆ ಬಾಯಿಬಿಡುತ್ತದೆ, ಇಲ್ಲವೆ ಕ್ಯಾಬಿನ್ನಿನ ಹಿಂಗೋಡೆ ಹರಿಯುತ್ತದೆ.

ಹಾಗೆಂದು ಹಿಂದಿನ ಆಸರೆಯನ್ನು ಬಿಟ್ಟುಬಿಡುವಂತಿಲ್ಲ. ಆ ಪೈಪುಗಳು ನೆಟ್ಟಗೆ ನಿಂತ ರೇಖೆಯಿಂದ ಕನಿಷ್ಠ 30 ಡಿಗ್ರಿಯಾದರೂ ಓರೆಯಾಗಿರಬೇಕೆಂದು ನಿಯಮವಿದೆ. ಸಿಂಗಲ್ ಕ್ಯಾಬ್ ಪಿಕಪ್ಪಿನಲ್ಲಿ ಸೀಟಿನ ಬೆನ್ನಿಗೇ ಗೋಡೆ ತಾಗಿಕೊಂಡಿರುವುದರಿಂದ ಒಳಗೆ ಅಷ್ಟು ಜಾಗವಿಲ್ಲ. ಪೈಪು ಗೋಡೆ ದಾಟಿ ಹೊರಗೆ ಬರಲೇಬೇಕು. ನಾನು ಕಂಡುಕೊಂಡ ದಾರಿ ಎಂದರೆ ಕೇಜನ್ನೆಲ್ಲ ಚಾಸಿಸ್ಸಿನ ಮೇಲೇ ನಿಲ್ಲಿಸುವುದು: ಚಾಸಿಸ್ಸಿನ ಬದಿಯಿಂದ ಚಾಚಿದ ಬಲವಾದ ತೋಳುಗಳನ್ನು ಮಾಡಿ, ಕೇಜಿನ ಕಾಲುಗಳನ್ನು ಕ್ಯಾಬಿನ್ ಮೌಂಟಿನಷ್ಟೇ ಗಡಸಾದ ಬುಷ್‌ಗಳ ಮೂಲಕ ಅವಕ್ಕೆ ಕೂಡಿಸಿ, ಆಸರೆ ಪೈಪುಗಳು ಗೋಡೆ ಮತ್ತು ಲೋಡ್ ಬಾಡಿಯ ನೆಲವನ್ನು ದಾಟುವ ಕಡೆ ತೂತನ್ನು ಸಾಕಷ್ಟು ದೊಡ್ಡದಾಗಿ ಕೊರೆದು ರಬ್ಬರಿನ ಚೀಲ ಹಾಕುವುದು. ಚಾಸಿಸ್ಸಿನ ಮೇಲಂಚು, ಕೆಳಂಚುಗಳಿಗೆ ಅಡ್ಡಲಾಗಿ ಬೆಸುಗೆ ಹಾಕಬಾರದು, ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಬೆಸೆಯುವುದೇನಿದ್ದರೂ ನಿಂತ ಪಕ್ಕಕ್ಕೆ. ಬೆಸೆಯುವ ಮೊದಲು ಬ್ಯಾಟರಿಯ ತಂತಿ ಬಿಚ್ಚಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ, ಮರೆತು ಇ.ಸಿ.ಯು. (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರು) ಸುಟ್ಟುಕೊಂಡವರನ್ನು ಬಲ್ಲೆ.

ನಕ್ಷೆ ಬರೆಯುವ ಕೆಲಸ ಸೀಟಿನಿಂದ ಶುರುವಾಗಬೇಕು. ನಮ್ಮಲ್ಲಿ ಮೊದಲು ಪೈಪು ಬಾಗಿಸಿ ಕೂಡಿಸಿ, ಕೊನೆಗೆ ಉಳಿದ ಜಾಗದಲ್ಲಿ ಸೀಟು ತುರುಕುತ್ತಾರೆ. ಓಡಿಸುವವನನ್ನೇ ಹೆಲ್ಮೆಟ್ ಹಾಕಿಸಿ, ಬೆಲ್ಟು ಬಿಗಿದು ಕೂರಿಸಿ, ಅವನ ತಲೆ ನಾಲ್ಕೂ ಕಡೆ ಎಷ್ಟು ದೂರ ಓಲಾಡುತ್ತದೆಂದು ನೋಡಿ, ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು, ಆಮೇಲೆ ಅಗ್ಗದ ಪಿ.ವಿ.ಸಿ. ಪೈಪಿನಲ್ಲಿ ಒಂದು ಸುಳ್ಳು ಕೇಜ್ ಕಟ್ಟಿ ನೋಡಿದರೆ ಅರ್ಧ ತಪ್ಪುಗಳು ಅಲ್ಲೇ ಗೊತ್ತಾಗುತ್ತವೆ. ಹೆಗಲ ಬೆಲ್ಟನ್ನು ಕಟ್ಟುವ ಅಡ್ಡಪೈಪು ಹೆಗಲಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಬೇಕು. ತೀರ ಕೆಳಗಾದರೆ ಬೆಲ್ಟೇ ಬೆನ್ನುಮೂಳೆಯನ್ನು ಕುಗ್ಗಿಸುತ್ತದೆ. ಬಾಗಿಲ ಅಡ್ಡಪೈಪು ಪಕ್ಕದ ಪೆಟ್ಟನ್ನು ತಡೆಯಬೇಕು ನಿಜ, ಆದರೆ ಬೆಲ್ಟು ಬಿಚ್ಚಿದ ಮನುಷ್ಯ ಅದನ್ನು ದಾಟಿ ತಾನೇ ಹೊರಗೆ ಬರುವಂತಿರಬೇಕು. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸು ವಿ.ಸಿ. ನಾಲೆಗೆ ಬಿದ್ದು ಮೂವತ್ತು ಜನ ಪ್ರಾಣ ಬಿಟ್ಟ ಜಿಲ್ಲೆ ನಮ್ಮದು. ನಾಲೆ ಏರಿಯ ಮೇಲೆ ಗಾಡಿ ಓಡಿಸುವವರಿಗೆ, ಹೊರಬರುವ ದಾರಿಯ ಬಗ್ಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಪೈಪು. ಅಂಗಡಿಗೆ ಹೋಗಿ "ಒಂದೂವರೆ ಇಂಚಿನ ಸಿ ಕ್ಲಾಸ್ ಕೊಡಿ" ಎಂದು ಕೆಂಪು ಪಟ್ಟಿಯ ಪೈಪು ತಂದು, ಇದಕ್ಕಿಂತ ಗಟ್ಟಿ ಯಾವುದಿದೆ ಎನ್ನುವವರು ನೂರಕ್ಕೆ ತೊಂಬತ್ತು ಮಂದಿ. ಅದು ನೀರಿನ ಪೈಪು. ಒತ್ತಡಕ್ಕೆ ಸೋರದಿದ್ದರೆ ಸಾಕೆಂದು ಪರೀಕ್ಷೆಯಾದದ್ದು. ಅದರ ಹೆಸರಿನ ಅಳತೆ ಒಳಗಿನ ತೂತಿಗೆ ಸಂಬಂಧಿಸಿದ್ದು. ಒಂದೂವರೆ ಇಂಚು ಎಂದರೂ ಹೊರಗಿನ ಅಳತೆ 48.3 ಮಿ.ಮೀ. ಇರುತ್ತದೆ. ಕೇಜಿಗೆ ಬೇಕಾದ ಟ್ಯೂಬನ್ನು ಹೊರ ವ್ಯಾಸದಿಂದಲೇ ಕರೆಯುತ್ತಾರೆ. ಎಫ್‌ಐಎ ನಿಯಮದಂತೆ ಅದು ಜೋಡಣೆಯ ಗೆರೆಯಿಲ್ಲದ, ತಣ್ಣಗೆ ಎಳೆದು ಮಾಡಿದ, ಶೇ 0.3ಕ್ಕಿಂತ ಹೆಚ್ಚು ಇಂಗಾಲವಿಲ್ಲದ ಉಕ್ಕಾಗಿರಬೇಕು. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸಕ್ಕೆ 2.5 ಮಿ.ಮೀ. ದಪ್ಪ, ಅಥವಾ 50 ಮಿ.ಮೀ.ಗೆ 2 ಮಿ.ಮೀ. ದಪ್ಪ, ಮಿಕ್ಕ ಪೈಪುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ತೂಕದ ಲೆಕ್ಕವನ್ನೂ ಕೇಳಿ. ಹದಿನೆಂಟು ಮೀಟರ್ ಪೈಪು ಹಿಡಿಯುವ ಕೇಜಿನಲ್ಲಿ ನಾಲ್ಕು ಮೀಟರ್ ಮುಖ್ಯ ಕಮಾನಿಗೆ, ಹದಿನಾಲ್ಕು ಮೀಟರ್ ಉಳಿದದ್ದಕ್ಕೆ ಹೋದರೆ, ಮೇಲೆ ಹೇಳಿದ 2.5 ಮಿ.ಮೀ. ದಪ್ಪದ ಟ್ಯೂಬಿನಲ್ಲಿ ಒಟ್ಟು 41 ಕಿಲೋ ಆಗುತ್ತದೆ. ಅಷ್ಟೇ ಉದ್ದದ ಸಿ ಕ್ಲಾಸ್ ನೀರಿನ ಪೈಪು 79 ಕಿಲೋ ತೂಗುತ್ತದೆ. ಹೆಚ್ಚಾದ 38 ಕಿಲೋದಲ್ಲಿ ಬಹುಪಾಲು ಕೂರುವುದು ಹೆಗಲಿನಿಂದ ಮೇಲೆ. ಮಗುಚಿದಾಗ ಕಾಯಲೆಂದು ಹಾಕಿದ್ದೇ ಗಾಡಿಯನ್ನು ಬೇಗ ಮಗುಚಿಸುತ್ತದೆ. ಜಿ.ಐ. ಪೈಪಾದರೆ ಇನ್ನೂ ಕಷ್ಟ: ಸತುವಿನ ಲೇಪ ಸುಟ್ಟು ಬೆಸುಗೆಯ ತುಂಬ ಗುಳ್ಳೆ ಏಳುತ್ತದೆ, ಆ ಬಿಳಿ ಹೊಗೆ ಕುಡಿದ ವೆಲ್ಡರು ರಾತ್ರಿ ಚಳಿಜ್ವರ ಬಂದು ನಡುಗುತ್ತಾನೆ.

ಬಾಗಿಸುವ ಕೆಲಸವನ್ನು ಮರಳು ತುಂಬಿ, ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಮಾಡುವುದು ನಮ್ಮ ಹಳೆಯ ರೂಢಿ. ನಾನೂ ಮಕ್ಕಳಿಗೆ ಕಲಿಸಿದ್ದೆ. ಗೇಟಿಗೆ, ಕಟಾಂಜನಕ್ಕೆ ಅದು ಸರಿ. ಕೇಜಿನ ಟ್ಯೂಬನ್ನು ತಣ್ಣಗೇ ಬಾಗಿಸಬೇಕು, ಬಾಗಿನ ತ್ರಿಜ್ಯ ಪೈಪಿನ ವ್ಯಾಸಕ್ಕೆ ಮೂರು ಪಟ್ಟಿಗಿಂತ ಕಡಿಮೆ ಇರಬಾರದು, ಬಾಗಿದ ಕಡೆ ದುಂಡಗಿನ ಪೈಪು ಮೊಟ್ಟೆಯಾಕಾರಕ್ಕೆ ತಿರುಗಿದರೂ ಚಿಕ್ಕ ವ್ಯಾಸ ದೊಡ್ಡ ವ್ಯಾಸದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಇಳಿಯಬಾರದು. ಪ್ಲಂಬರುಗಳ ಹೈಡ್ರಾಲಿಕ್ ಬೆಂಡರಿನಲ್ಲಿ ತೆಳು ಟ್ಯೂಬು ಬಾಗಿಸಿದರೆ ಒಳಮೈ ಮಡಿಕೆ ಬೀಳುತ್ತದೆ. ಮಡಿಕೆ ಬಿದ್ದ ಪೈಪನ್ನು ತಕ್ಷಣ ಗುಜರಿಗೆ ಹಾಕಬೇಕು, ಅದರ ಬೆಲೆ ನೆನೆದು ಕೊರಗಬಾರದು. ಓರೆಪೈಪಿಲ್ಲದ ಬರೀ ಚೌಕವೂ ಅಷ್ಟೇ, ಅಡ್ಡಪಟ್ಟಿ ಕಿತ್ತ ಮಂಚದ ಹಾಗೆ ಒಂದು ಕಡೆ ವಾಲಿಬಿಡುತ್ತದೆ. ಹಂಚಿನ ಮನೆಯ ತೊಲೆಕತ್ತರಿ ನೋಡಿ ಬೆಳೆದ ನಮಗೆ ತ್ರಿಕೋನದ ಬಲವನ್ನು ಯಾರೂ ಕಲಿಸಬೇಕಿಲ್ಲ. ಆದರೂ ಓರೆಪೈಪಿನ ತುದಿಯನ್ನು ಮೂಲೆಗೆ ಸೇರಿಸದೆ, ಇನ್ನೊಂದು ಪೈಪಿನ ನಟ್ಟನಡುವೆ ತಂದು ನಿಲ್ಲಿಸಿರುವ ಕೇಜುಗಳನ್ನು ನಾನು ಈ ವರ್ಷವೇ ಮೂರು ಕಂಡಿದ್ದೇನೆ.

ಕೀಲುಗಳ ಬಗ್ಗೆ ಬರೆಯತೊಡಗಿದರೆ ನಿಮ್ಮ ಪುಟ ಸಾಲದು. ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು, ಇನ್ನೊಂದು ಪೈಪಿನ ಮೈಗೆ ಸಂದಿಲ್ಲದಂತೆ ಕೂರಿಸಬೇಕು. ಅರ್ಧ ಬೆರಳು ಸಂದಿಟ್ಟು ಅದನ್ನು ರಾಡಿನ ಲೋಹದಿಂದ ತುಂಬುವುದು ಬೆಸುಗೆಯಲ್ಲ, ಗಾರೆ ಕೆಲಸ. ಬೆಸುಗೆ ಪೈಪಿನ ಸುತ್ತ ಪೂರ್ತಿ ಬರಬೇಕು. ಇಲ್ಲಿಯೇ ಹೆಚ್ಚಿನವರು ಕಳ್ಳತನ ಮಾಡುವುದು. ಮುಖ್ಯ ಕಮಾನಿನ ಮೇಲ್ಭಾಗ ಟಾಪಿನ ತಗಡಿಗೆ ಅಂಟಿಕೊಂಡಿರುವುದರಿಂದ ವೆಲ್ಡಿಂಗ್ ಟಾರ್ಚ್ ಅಲ್ಲಿಗೆ ಹೋಗುವುದಿಲ್ಲ. ಕಾಣುವ ಮುಕ್ಕಾಲು ಸುತ್ತು ಬೆಸೆದು ಬಣ್ಣ ಹೊಡೆದುಬಿಡುತ್ತಾರೆ. ಗಾಡಿ ಮಗುಚಿದಾಗ ಮೊದಲ ಪೆಟ್ಟು ಬೀಳುವುದೇ ಬೆಸೆಯದೆ ಬಿಟ್ಟ ಆ ಕಾಲುಭಾಗಕ್ಕೆ. ಇದಕ್ಕೆ ಉಪಾಯವಿದೆ. ಅಡಿಪ್ಲೇಟು ಬರುವ ಕಡೆ ನೆಲದಲ್ಲಿ ಮೊದಲೇ ತೂತು ಕೊರೆದು, ಕೇಜನ್ನು ಬಿಡಿಬಿಡಿಯಾಗಿ ಟಾಕಾ ಹಾಕಿ (ಅಲ್ಲಲ್ಲಿ ಚುಕ್ಕೆಯಷ್ಟು ಮಾತ್ರ ಬೆಸೆದು), ಇಡಿಯಾಗಿ ಒಂದು ಗೇಣು ಕೆಳಗಿಳಿಸಿದರೆ ಟಾಪಿನ ಕೆಳಗೆ ಕೈಯಾಡುವಷ್ಟು ಜಾಗ ಸಿಗುತ್ತದೆ. ಮೇಲಿನ ಕೀಲುಗಳನ್ನೆಲ್ಲ ಸುತ್ತ ಬೆಸೆದು ಮತ್ತೆ ಎತ್ತಿ, ಕಾಲಿನ ಕೆಳಗೆ ಪ್ಲೇಟು ಸರಿಸಿ ಕೂಡಿಸುವುದು. ಒಂದು ದಿನ ಹೆಚ್ಚು ಹಿಡಿಯುತ್ತದೆ. ಕೊನೆಗೆ ಅಂದಕ್ಕೆಂದು ಗ್ರೈಂಡರ್ ಹಿಡಿದು ಬೆಸುಗೆಯ ಉಬ್ಬನ್ನು ಸವರಿ, ಪುಟ್ಟಿ ಹಚ್ಚಿ ನುಣುಪು ಮಾಡುವವರಿಗೆ ಕೈಮುಗಿದು ಹೇಳುತ್ತೇನೆ, ಅದನ್ನು ಬಿಟ್ಟುಬಿಡಿ. ಉಬ್ಬನ್ನು ತೆಗೆದರೆ ಕೀಲಿನ ಮಾಂಸವನ್ನೇ ಕೊಯ್ದಂತೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಆಫ್‌ರೋಡ್ ಬಗ್ಗಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆ ನಮ್ಮ ದೇಶದಲ್ಲಿ 2007ರಿಂದ ನಡೆಯುತ್ತಿದೆ. ಬಾಹಾದ ನಿಯಮಗಳ ಪ್ರಕಾರ ಕೇಜನ್ನು ಬೆಸೆದವನು ಮಾದರಿ ಕೀಲುಗಳನ್ನೂ ಬೆಸೆದು ಕೊಡಬೇಕು. ಒಂದನ್ನು ಎಳೆದು ಮುರಿಯುತ್ತಾರೆ, ಇನ್ನೊಂದನ್ನು ಕೊಯ್ದು ಒಳಗೆ ಬೆಸುಗೆ ಎಷ್ಟು ಇಳಿದಿದೆ ನೋಡುತ್ತಾರೆ. ಎಳೆದಾಗ ಪೈಪು ಹರಿಯಬೇಕು, ಕೀಲು ಬಿಡಬಾರದು. ಇಪ್ಪತ್ತರ ಹುಡುಗರಿಗೆ ಸಾಧ್ಯವಾಗುವ ಈ ಪರೀಕ್ಷೆಯನ್ನು ಹಣ ಪಡೆದು ಕೇಜ್ ಕಟ್ಟುವ ನಾವು ಮಾಡಿ ತೋರಿಸಲಾರೆವೇ?

ಲೋಡ್ ಬಾಡಿಯ ಮೇಲೆ ಹೊಳೆಯುವ ಸ್ಟೀಲ್ ಪೈಪಿನ ಕಮಾನು ಕೂರಿಸಿಕೊಂಡು, ಅದನ್ನೂ ರೋಲ್ ಬಾರ್ ಎಂದು ಕರೆಯುವ ರೂಢಿ ಬೇರೆ ಇದೆ. ಒಂದನ್ನು ಕತ್ತರಿಸಿ ವರ್ನಿಯರ್‌ನಲ್ಲಿ ಅಳೆದೆ, ಗೋಡೆಯ ದಪ್ಪ 1.2 ಮಿ.ಮೀ. ಇತ್ತು. ಮನೆಯ ಮೆಟ್ಟಿಲ ಕಟಾಂಜನಕ್ಕೆ ಹಾಕುವ ಪೈಪು ಅದು. ಲೈಟು ಕಟ್ಟಲು ಸಾಕು.

ಕಾನೂನಿನ ಮಾತನ್ನೂ ಪುರವಣಿಯ ಬರಹ ಎತ್ತಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವ ಹಾಗೆ ಮಾಲೀಕ ತನ್ನ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತಷ್ಟು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸುತ್ತದೆ. ಕಾನೂನು ಹಾಗಿರಲಿ, ಹೆಲ್ಮೆಟ್ ಇಲ್ಲದೆ ಪೇಟೆಯಲ್ಲಿ ಓಡಿಸುವಾಗ ಕಿವಿಯ ಪಕ್ಕದ ಉಕ್ಕಿನ ಪೈಪೇ ದೊಡ್ಡ ಅಪಾಯ. ಸಣ್ಣ ಗುದ್ದಿಗೂ ತಲೆ ಹೋಗಿ ಅದಕ್ಕೇ ಬಡಿಯುತ್ತದೆ. ಎ.ಸಿ. ಪೈಪಿಗೆ ಸುತ್ತುವ ಕಪ್ಪು ಫೋಮನ್ನು ಕೇಜಿಗೆ ಸುತ್ತಿ ನೆಮ್ಮದಿಯಾಗಿರುವವರು ಅದನ್ನೊಮ್ಮೆ ಹೆಬ್ಬೆರಳಲ್ಲಿ ಒತ್ತಿ ನೋಡಲಿ. ಬೆರಳು ಪೈಪಿಗೆ ತಾಗುತ್ತದೆ. ಪಕ್ಕದ ಏರ್‌ಬ್ಯಾಗ್ ಇರುವ ಹೊಸ ಗಾಡಿಯಲ್ಲಿ ಕೇಜ್ ಹಾಕಿದರೆ ಅದು ಅರಳಲು ಜಾಗವೇ ಇರುವುದಿಲ್ಲ. ಆದ್ದರಿಂದ ಕೇಜಿನ ಗಾಡಿ ಮೈದಾನಕ್ಕೆ ಮೀಸಲು, ಅಲ್ಲಿಗೂ ಅದು ಬೇರೆ ಲಾರಿಯ ಮೇಲೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ನನ್ನ ಬಳಿ ಬರುವವರಿಗೆ ಇದನ್ನು ಹೇಳಿದ ಮೇಲೆ ಅರ್ಧ ಜನ ಹಿಂದಿರುಗಿ ಹೋಗಿದ್ದಾರೆ, ಹೋಗಲಿ.

ಇದು ಹವ್ಯಾಸಿಗಳ ವಿಷಯ, ರೈತಾಪಿ ಜಿಲ್ಲೆಗೆ ಏಕೆ ಎನ್ನುವವರಿಗೆ ಒಂದು ಮಾತು. ಕಬ್ಬಿನ ಕಾಲದಲ್ಲಿ ಟ್ರೈಲರ್ ಎಳೆಯುತ್ತ ಏರಿ ಹತ್ತುವ ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಹಿಂದಕ್ಕೆ ಮಗುಚುವುದನ್ನು ಕಂಡವರು ನಮ್ಮಲ್ಲಿದ್ದಾರೆ. ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಮಗುಚಿದಾಗ ಚಾಲಕನನ್ನು ಕಾಯುವ ಚೌಕಟ್ಟನ್ನು ಕಡ್ಡಾಯ ಮಾಡಿತು. ಮುಂದಿನ ದಶಕಗಳಲ್ಲಿ ಅಲ್ಲಿ ಇಂಥ ಸಾವುಗಳು ಬಹುತೇಕ ನಿಂತೇಹೋದವು. ಕಂಪನಿಯಿಂದಲೇ ಚೌಕಟ್ಟು ಹಾಕಿಸಿಕೊಂಡು ಬಂದ ಟ್ರ್ಯಾಕ್ಟರನ್ನು, ಮರದ ಕೊಂಬೆಗೆ ತಾಗುತ್ತದೆಂದು ಬಿಚ್ಚಿಸಲು ನನ್ನ ಶೆಡ್ಡಿಗೆ ತಂದವರಿದ್ದಾರೆ. ನಾನು ಬಿಚ್ಚಿಕೊಡಲಿಲ್ಲ.

ತಮ್ಮಲ್ಲಿಯೂ ಸಂಬಂಧಪಟ್ಟವರಲ್ಲಿಯೂ ನನ್ನ ಕೋರಿಕೆಗಳು ಇಷ್ಟು. ಮೈಸೂರು, ಮಂಡ್ಯ, ಕೊಡಗಿನ ಕಡೆ ಆಫ್‌ರೋಡ್ ಸ್ಪರ್ಧೆ ನಡೆಸುವ ಸಂಘಗಳು, ಗಾಡಿಯನ್ನು ಮೈದಾನಕ್ಕೆ ಬಿಡುವ ಮೊದಲು ಕೇಜಿನ ಪ್ರತಿ ಕಾಲಿನ ಕೆಳಗಿನ ಪ್ಲೇಟನ್ನು ಗಾಡಿಯಡಿ ಮಲಗಿ ನೋಡಲಿ, ಮೇಲಿನ ಕೀಲುಗಳ ಹಿಂಬದಿಗೆ ಸಣ್ಣ ಕನ್ನಡಿ ಹಿಡಿದು ಬೆಸುಗೆ ಇದೆಯೇ ಪರೀಕ್ಷಿಸಲಿ. ಒಂದು ಗಾಡಿಗೆ ಹತ್ತು ನಿಮಿಷದ ಕೆಲಸ. ಐ.ಟಿ.ಐ. ಮತ್ತು ಪಾಲಿಟೆಕ್ನಿಕ್ಕುಗಳಲ್ಲಿ ಎಳೆದು ಮುರಿದು ನೋಡುವ ಯಂತ್ರಗಳು ವರ್ಷದ ಬಹುಭಾಗ ಮುಸುಕು ಹೊದ್ದು ಕೂತಿರುತ್ತವೆ. ಹೊರಗಿನ ವೆಲ್ಡರುಗಳು ಸಣ್ಣ ಶುಲ್ಕ ಕಟ್ಟಿ ತಮ್ಮ ಕೀಲನ್ನು ತಾವೇ ಪರೀಕ್ಷಿಸಿಕೊಳ್ಳಲು ತಿಂಗಳಿಗೊಂದು ದಿನ ಅವಕಾಶ ಕೊಡಲಿ. ತಾವು ಮುಂದಿನ ಸಲ ಇಂಥ ಗಾಡಿಯ ಚಿತ್ರ ಹಾಕುವಾಗ ಬಣ್ಣದ ಕಮಾನಿನ ಜೊತೆಗೆ ಕಾಲು ನೆಲಕ್ಕೆ ಕೂಡಿದ ಜಾಗದ್ದೂ ಒಂದು ಚಿತ್ರ ತೆಗೆಸಿ ಹಾಕಿ.

ನನ್ನ ಶಿಷ್ಯನ ಪಿಕಪ್ಪಿನ ಹರಿದ ನೆಲವನ್ನು ಕೊಯ್ದು ತೆಗೆದು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ಬೋಲ್ಟು, ವಾಷರುಗಳೂ ಅದರಲ್ಲೇ ಇವೆ. ನಿಮ್ಮ ವರದಿಗಾರರು ಬಂದರೆ ತೋರಿಸುತ್ತೇನೆ. ಭಾನುವಾರ ಬಿಟ್ಟು ಯಾವ ದಿನವಾದರೂ ಬೆಳಿಗ್ಗೆ ಹತ್ತರ ಮೇಲೆ ಅಲ್ಲೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವೆಲ್ಡಿಂಗ್ ಬೋಧಕ, ಮಂಡ್ಯ